ಗುಟ್ಟಪಲ್ಲಿಯ ಯಾತ್ರಿಕರು

ಜಯಮಂಗಲಿ ಹೊಳೆಯೆಂದರೆ ವರ್ಷದ ಬಹುಪಾಲು ಬರೀ ಮರಳು. ಆ ಮರಳಿನ ಈಚೆ ದಡದ ನೇರಳಕಟ್ಟೆ ಮೈಸೂರು ಮಹಾರಾಜರದ್ದು, ಮಧುಗಿರಿ ತಾಲ್ಲೂಕಿಗೆ ಸೇರಿದ್ದು. ಆಚೆ ದಡದ ತುಮ್ಮಲಕುಂಟೆ ಇಂಗ್ಲಿಷರದ್ದು. ಕುಂಪಣಿ ಸತ್ತು ಯಾವ ಕಾಲವಾಗಿತ್ತೋ, ನಮ್ಮ ಜನ ಮಾತ್ರ ಅದನ್ನು ಕುಂಪಣಿ ಸೀಮೆ ಅಂತಲೇ ಕರೆಯುತ್ತಿದ್ದರು. ಸರ್ಕಾರಗಳ ಲೆಕ್ಕದಲ್ಲಿ ಇವು ಎರಡು ದೇಶ. ಹೆಣ್ಣು ಕೊಟ್ಟು ತರುವವರ ಲೆಕ್ಕದಲ್ಲಿ ಒಂದೇ ಊರಿನ ಎರಡು ಕೇರಿ. ಮಳೆಗಾಲದಲ್ಲಿ ಮಾತ್ರ ಹೊಳೆಗೆ ತಾನು ಹೊಳೆಯೆಂಬ ನೆನಪಾಗಿ, ಕಡವಿನಲ್ಲಿ ದಾಟುವವರನ್ನು ಒಬ್ಬಿಬ್ಬರನ್ನಾದರೂ ಹೊತ್ತುಕೊಂಡು ಹೋಗುತ್ತಿತ್ತು.

ಲಕ್ಷ್ಮಕ್ಕ ನೇರಳಕಟ್ಟೆಯಲ್ಲಿ ಹುಟ್ಟಿ ತುಮ್ಮಲಕುಂಟೆಗೆ ಸೇರಿದವಳು. ಎರಡೂ ದಡಕ್ಕೆ ಅವಳೊಬ್ಬಳೇ ಸೂಲಗಿತ್ತಿ. ಯಾರ ಮನೆಯಲ್ಲಿ ನೋವು ಕಾಣಿಸಿಕೊಂಡರೂ ಇಂಗು, ಮೆಣಸು, ಹಳೇ ಬಟ್ಟೆಯ ಗಂಟು ಹಿಡಿದು ಮರಳಿನ ಮೇಲೆ ಬಿರಬಿರನೆ ನಡೆದುಬಿಡುತ್ತಿದ್ದಳು. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದ. ಉಳಿದವಳು ಒಬ್ಬಳೇ ಮಗಳು, ಕಾಟಮ್ಮ. ಅವಳನ್ನು ತವರುಮನೆಗೇ, ಅಣ್ಣನ ಮಗ ಜುಂಜಪ್ಪನಿಗೆ ಕೊಟ್ಟಿದ್ದಳು. ಹೊಳೆ ಆಚೆ ಈಚೆ, ಕೂಗಿದರೆ ಕೇಳಿಸುವಷ್ಟು ದೂರ. ಆದರೆ ಕಾಟಮ್ಮ ಎರಡು ಸಲ ಬಸುರಾಗಿ ಎರಡು ಸಲವೂ ಮಳೆಗಾಲದಲ್ಲೇ ಬಸುರು ಇಳಿದುಹೋಗಿತ್ತು. ಎರಡು ಸಲವೂ ಊರಿಗೆಲ್ಲ ಹೆರಿಗೆ ಮಾಡಿಸುವ ತಾಯಿ ಆಚೆ ದಡದಲ್ಲಿ ನಿಂತು ಕೆಂಪು ನೀರು ನೋಡುತ್ತಾ ಎದೆ ಬಡಿದುಕೊಂಡಿದ್ದಳು. ಇನ್ನೊಂದು ಸಲ ಮಗಳು ಬಸುರಾದರೆ ತಾನು ಅವಳ ಪಕ್ಕದಲ್ಲಿರಬೇಕು ಅನ್ನುವುದೊಂದೇ ಅವಳ ಆಸೆ. ದೇವರಲ್ಲಿ ಅವಳು ಬೇರೇನೂ ಕೇಳುತ್ತಿರಲಿಲ್ಲ.

ಈ ಲಕ್ಷ್ಮಕ್ಕನಿಗೆ ಒಂದು ಹಳೆಯ ಸಂಕಟವಿತ್ತು. ಪಿಳೇಗಿನ ಕಾಲದಲ್ಲಿ ಮೈಸೂರಿನವರು ನೇರಳಕಟ್ಟೆಯ ಹೊಂಗೆಮರದ ಕೆಳಗೆ ಮೇಜು ಹಾಕಿ, ಹೊಳೆ ದಾಟಿ ಬಂದವರನ್ನೆಲ್ಲ ನಿಲ್ಲಿಸಿ ಯಾವೂರು ಎಂದು ಕೇಳುತ್ತಿದ್ದರು. ರೋಗ ಬಿದ್ದ ಊರಿನವರಾದರೆ ಹತ್ತು ದಿನ ತಗಡಿನ ಶೆಡ್ಡು. ಅವಳಾಗ ಇಪ್ಪತ್ತರ ಹುಡುಗಿ. ಚೊಚ್ಚಲ ಗಂಡುಮಗುವನ್ನು ಸೊಂಟದಲ್ಲಿಟ್ಟುಕೊಂಡು ತವರಿಗೆ ಹೊರಟಿದ್ದಳು. ಕೇಳಿದರು, ತುಮ್ಮಲಕುಂಟೆ ಅಂತ ನಿಜ ಹೇಳಿದಳು. ಮಗುವಿಗೆ ರೋಗವಿರಲಿಲ್ಲ, ಅವಳಿಗೂ ಇರಲಿಲ್ಲ. ಚೈತ್ರದ ಬಿಸಿಲಿಗೆ ಕಾದ ಆ ತಗಡಿನ ಕೆಳಗೆ ಮಗು ವಾಂತಿ ಭೇದಿಯಾಗಿ ಸತ್ತಿತು. ಹೆಣವನ್ನೂ ಅವಳ ಕೈಗೆ ಕೊಡದೆ ಸುಣ್ಣ ಹಾಕಿ ಹೂತರು.

ಆಮೇಲೆ ಅವಳಿಗೆ ಗೊತ್ತಾದದ್ದು, ಆಚೆ ದಡದಲ್ಲೇ ಹೊಳೆಯ ಹರಿವಿನ ಕೆಳಗೆ ಎರಡು ಹರಿದಾರಿ ದೂರದಲ್ಲಿ ಗುಟ್ಟಪಲ್ಲಿ ಅಂತ ಒಂದಿದೆ, ಬಂಡೆಯ ಮೇಲೆ ಹತ್ತು ಹನ್ನೆರಡು ಕುರುಬರ ಮನೆ, ಅಲ್ಲಿ ಇಲಿಗೂ ತಿನ್ನಲು ಏನೂ ಸಿಗುವುದಿಲ್ಲವಾದ್ದರಿಂದ ರೋಗ ಹೋಗಿಲ್ಲ, ಮೇಜಿನವರು ಆ ಊರಿನವರನ್ನು ಕೈಬೀಸಿ ಬಿಟ್ಟುಬಿಡುತ್ತಾರೆ ಎಂದು. ಊರಿಗೆ ಬಂದವಳೇ ಪ್ರತಿಯೊಂದು ಮನೆಯ ಬಾಗಿಲಿಗೂ ಹೋಗಿ ಹೇಳಿದಳು: “ಯಾರು ಕೇಳಿದ್ರೂ ನಮ್ದು ಗುಟ್ಟಪಲ್ಲಿ ಅನ್ರಿ. ಸತ್ಯ ಹೇಳಿ ನಾನು ಮಗೀನ ಕಳ್ಕೊಂಡೆ.” ಇಡೀ ತುಮ್ಮಲಕುಂಟೆ ಹಾಗೇ ಹೇಳಿತು. ಆ ಒಂದು ಸುಳ್ಳಿನಿಂದ ಎಷ್ಟು ಜೀವ ಉಳಿದವೋ ದೇವರಿಗೇ ಗೊತ್ತು. ಹಾಲು ಕುಡಿಸುವಾಗಲೇ ಮಕ್ಕಳಿಗೆ ಕಲಿಸುತ್ತಿದ್ದರು, ಅಪ್ಪನ ಹೆಸರಾದ ಮೇಲೆ ಎರಡನೇ ಪಾಠ ಅದು.

ಶೆಡ್ಡು ಕಿತ್ತರು. ಮೇಜು ಹೋಯಿತು. ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು. ಆಮೇಲೆ ಒಂದು ದಿನ ಅದೇ ಹೊಂಗೆಮರದ ಕೆಳಗೆ ಮತ್ತೆ ಮೇಜು ಬಂತು.

ಈ ಸಲ ಅದನ್ನು ಹಾಕಿಸಿದವರು ನಂದೀಶ್ವರಯ್ಯ ಅನ್ನುವ ಸ್ಪೆಷಲ್ ಆಫೀಸರು. ಬಿ.ಎ. ಮಾಡಿ, ವಿಲಾಯತಿಗೂ ಹೋಗಿಬಂದವರು. ಕೆಟ್ಟವರಲ್ಲ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಆ ದೇಶಗಳಲ್ಲಿ ಯಾತ್ರಿಕರನ್ನು ಎಲ್ಲಿಂದ ಬಂದಿರಿ, ಯಾಕೆ ಬಂದಿರಿ, ಏನು ಹಿಡಿಸಿತು ಎಂದು ಕೇಳಿ ಕೇಳಿ ಬರೆದುಕೊಂಡು, ಅದರ ಪ್ರಕಾರ ರಸ್ತೆ, ಸೇತುವೆ, ಛತ್ರ ಕಟ್ಟಿ ಊರುಗಳನ್ನು ಉದ್ಧಾರ ಮಾಡಿದ್ದನ್ನು ಕಣ್ಣಾರೆ ಕಂಡಿದ್ದರು. ನಮ್ಮಲ್ಲೂ ಮಧುಗಿರಿಯ ಬೆಟ್ಟದ ಕೋಟೆಯಿದೆ, ಚನ್ನರಾಯನದುರ್ಗವಿದೆ, ಶಿರಾದ ಹಳೇ ಮಸೀದಿಗಳಿವೆ. ಇಂಗ್ಲಿಷರ ಸೀಮೆಯಿಂದ ಜನ ಬರಬೇಕು, ನಮ್ಮವರು ಆಚೆ ಹೋಗಬೇಕು, ಎರಡು ಸೀಮೆಗೂ ಲಾಭ ಎಂದು ಬರೆದು ಎರಡೂ ಕಡೆಯ ದೊಡ್ಡವರಿಂದ ಒಪ್ಪಿಗೆ ತಂದರು. ಎಲ್ಲಿಂದ ಹೆಚ್ಚು ಜನ ಬರುತ್ತಾರೋ ಅಲ್ಲಿಗೆ ಒಂದು ಸೇತುವೆ, ಎರಡು ಸರ್ಕಾರವೂ ಅರ್ಧರ್ಧ ಖರ್ಚು ಎಂದು ತೀರ್ಮಾನವಾಯಿತು. ಆ ಸೇತುವೆಯ ಮಾತನ್ನು ಮಾತ್ರ ಜನರಿಗೆ ಯಾರೂ ಹೇಳಲಿಲ್ಲ. ಹೇಳಿದರೆ ಆಸೆಗೆ ಸುಳ್ಳು ಹೇಳುತ್ತಾರೆ ಅನ್ನುವುದು ನಂದೀಶ್ವರಯ್ಯನವರ ಭಯ.

ಮೇಜಿನ ಹಿಂದೆ ಕೂತವನು ರೇಣುಕಯ್ಯ, ಕೊರಟಗೆರೆ ಕಡೆಯ ಗುಮಾಸ್ತ. ಬಿಳೀ ರುಮಾಲು, ಮಸಿಕುಡಿಕೆ, ದೊಡ್ಡ ದೊಡ್ಡ ಹಾಳೆ. ಊರು ಯಾವುದು ಅಂತ ಒಂದು ಕಾಲಂ. ಬಂದ ಕಾರಣಕ್ಕೆ ಮೂರು ಕಾಲಂ: ದೇವರ ದರ್ಶನ, ಕೋಟೆ ನೋಡುವುದು, ವ್ಯಾಪಾರ. ಕೊನೆಯಲ್ಲಿ ಏನು ಕೊರತೆ ಕಂಡಿತು ಅಂತ ಇನ್ನೊಂದು.

ಮೊದಲ ದಿನವೇ ಲಕ್ಷ್ಮಕ್ಕ ಗಂಟು ಹಿಡಿದು ಹೊಳೆ ದಾಟಿ ಬಂದಳು. ನೇರಳಕಟ್ಟೆಯ ಶಾನುಭೋಗರ ಸೊಸೆಗೆ ನೋವು ಶುರುವಾಗಿತ್ತು. ಮರದ ಕೆಳಗಿನ ಮೇಜು ಕಂಡಿದ್ದೇ ಅವಳು ಗಂಟನ್ನು ಕಂಕುಳಿಗೆ ಒತ್ತಿಕೊಂಡಳು.

“ಯಾವೂರಮ್ಮ ನಿಮ್ಮದು?”

“ಗುಟ್ಟಪಲ್ಲಿ ಸ್ವಾಮಿ.” ಉಸಿರು ತೆಗೆದುಕೊಳ್ಳದೆ ಹೇಳಿದಳು.

“ಏನು ಕೆಲಸವಾಗಿ ಬಂದಿರಿ?”

ಹೆರಿಗೆ ಅಂದರೆ ಯಾರಿಗೆ ಏನಾಗಿದೆ ಅನ್ನುತ್ತಾರೆ, ಮನೆ ನೋಡಬೇಕು ಅನ್ನುತ್ತಾರೆ, ಬಾಣಂತಿಯನ್ನು ಎಳೆದುಕೊಂಡು ಹೋಗುತ್ತಾರೆ. “ಕ್ವಾಟೆ ನೋಡಾಕೆ ಸ್ವಾಮಿ,” ಅಂದಳು.

ರೇಣುಕಯ್ಯ ಅವಳ ಬರಿಗಾಲು, ಕಂಕುಳಿನ ಗಂಟು ಎಲ್ಲವನ್ನೂ ನೋಡಿದ. ಯಾತ್ರಿಕರನ್ನು ಎದುರು ಪ್ರಶ್ನೆ ಹಾಕಿ ಪೀಡಿಸಬಾರದು ಎಂದು ಸಾಹೇಬರ ಕಟ್ಟಪ್ಪಣೆಯಿತ್ತು. ಬರೆದುಕೊಂಡ.

ಅವಳ ಹಿಂದೆಯೇ ತುಮ್ಮಲಕುಂಟೆಯ ಯಜಮಾನ ಬೊಮ್ಮಪ್ಪ ಬಂದ. ಮಧುಗಿರಿಯ ಕೋರ್ಟಿನಲ್ಲಿ ಅವನ ಜಮೀನಿನ ಕೇಸಿತ್ತು. ಅವನೂ ಗುಟ್ಟಪಲ್ಲಿ ಅಂದ. ಅವನೂ ಕೋಟೆ ನೋಡಲು ಬಂದಿದ್ದ. “ಭಲೇ ಬಾಗುಂದಿ ಸ್ವಾಮಿ ಮೀ ಕೋಟ. ಎಷ್ಟು ನೋಡಿದ್ರೂ ಸಾಲ್ದು,” ಅಂತ ತೆಲುಗು ಬೆರೆಸಿ ಹೊಗಳಿ ಒಂದು ಮಾತು ಹೆಚ್ಚಿಗೇ ಸೇರಿಸಿದ. ಸಂತೆಗೆ ಬಂದವರು, ಆಸ್ಪತ್ರೆಗೆ ಹುಣ್ಣು ತೋರಿಸಲು ಬಂದವರು, ತಂಗಿಯನ್ನು ನೋಡಲು ಬಂದವರು, ಎಲ್ಲರೂ ಗುಟ್ಟಪಲ್ಲಿಯವರು, ಎಲ್ಲರೂ ಕೋಟೆಯ ಭಕ್ತರು ಇಲ್ಲವೇ ಮಧುಗಿರಿಯ ದಂಡಿನ ಮಾರಮ್ಮನ ಒಕ್ಕಲು. ಏನು ಕೊರತೆ ಕಂಡಿತು ಎಂದರೆ ಎಲ್ಲರದೂ ಒಂದೇ ಉತ್ತರ, ಏನೂ ಇಲ್ಲ ಸ್ವಾಮಿ, ಎಲ್ಲ ಸುಖವಾಗಿದೆ. ಶೆಡ್ಡಿನ ಕಾಲದಲ್ಲಿ ಕೊರತೆ ಹೇಳಿದವರಿಗೆ ಏನಾಗಿತ್ತೆಂದು ಅವರಿಗೆ ಗೊತ್ತಿತ್ತು. ಹೊಳೆಯಲ್ಲಿ ಅಪ್ಪನನ್ನು ಕಳೆದುಕೊಂಡವನು ಕೂಡ ಆ ಕಾಲಂನಲ್ಲಿ ಹೊಳೆಯ ಹೆಸರೆತ್ತಲಿಲ್ಲ.

ವರ್ಷ ಕಳೆದ ಮೇಲೆ ನಂದೀಶ್ವರಯ್ಯನವರು ಹಾಳೆಗಳನ್ನು ಕೂಡಿಸಿ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರಂತೆ. ಇಂಥ ರಸಿಕರ ಊರೊಂದು ನಮ್ಮ ಗಡಿಯಲ್ಲೇ ಇದ್ದು ನಮಗೆ ಗೊತ್ತಿರಲಿಲ್ಲವಲ್ಲ ಎಂದು. ನಕ್ಷೆ ತೆಗೆದು ನೋಡಿದರು. ಗುಟ್ಟಪಲ್ಲಿಯ ಬಂಡೆಯ ಮೇಲೆ ಹಿಂದೆ ಸರ್ವೆಯವರು ಒಂದು ಕಲ್ಲುಕಂಬ ನೆಟ್ಟಿದ್ದರಿಂದ ಆ ಹೆಸರು ನಕ್ಷೆಯಲ್ಲಿ ದಪ್ಪ ಅಕ್ಷರದಲ್ಲಿತ್ತು. ತುಮ್ಮಲಕುಂಟೆ ಇರುವೆ ಹರಿದಂತೆ ಮೂಲೆಯಲ್ಲಿತ್ತು. ಇನ್ನು ಅನುಮಾನಕ್ಕೆ ಎಡೆಯೆಲ್ಲಿ? ಸೇತುವೆ ಗುಟ್ಟಪಲ್ಲಿಗೇ ಎಂದು ಬರೆದು ಕಳಿಸಿದರು. ಒಂದು ದಿನ ಕುದುರೆ ಹತ್ತಿ ಹೋಗಿ ಆ ಊರನ್ನು ನೋಡಿ ಬರಬೇಕೆಂದು ಅವರಿಗೆ ತೋಚಲಿಲ್ಲ. ಅಂಕಿ ಇರುವಾಗ ಕಣ್ಣು ಯಾಕೆ?

ಸುದ್ದಿ ತುಮ್ಮಲಕುಂಟೆಗೆ ಬಂದದ್ದು ಕಲ್ಲು ಹೊಡೆಯುವ ಬೋವಿಗಳಿಂದ. ಅರಳಿಕಟ್ಟೆಯಲ್ಲಿ ಜನ ಸೇರಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೇಜು ಪಿಳೇಗಿನದ್ದಲ್ಲ, ಸೇತುವೆಯದ್ದು ಎಂದು ಅವತ್ತು ಗೊತ್ತಾಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಲಕ್ಷ್ಮಕ್ಕನ ಮುಖ ನೋಡಿದರು. ಬೈದಿದ್ದರೇ ಅವಳಿಗೆ ಹಗುರವಾಗುತ್ತಿತ್ತು.

“ನಾನೇ ಓಯ್ತೀನಿ,” ಅಂದಳು. “ಆ ಸಾಹೇಬ್ರ ಕಾಲಿಗೆ ಬಿದ್ದು ಇದ್ದುದ್ದನ್ನ ಇದ್ದಂಗೆ ಹೇಳ್ತೀನಿ. ಬೊಮ್ಮಪ್ಪಣ್ಣ, ನೀನೂ ಬಾ. ಗಂಡಸ್ರು ಒಬ್ರು ಇರ್ಲಿ.”

ನಂದೀಶ್ವರಯ್ಯನವರು ಮಧುಗಿರಿಯ ಮುಸಾಫಿರ್ ಬಂಗಲೆಯಲ್ಲಿ ಇಳಿದುಕೊಂಡಿದ್ದರು. ಇವರಿಬ್ಬರನ್ನೂ ಒಳಗೆ ಕರೆದು, ಜಮಖಾನದ ಮೇಲೆ ಕೂರಲು ಹೇಳಿದರು. ಇಬ್ಬರೂ ಜಮಖಾನ ಬಿಟ್ಟು ನೆಲದ ಮೇಲೆ ಕೂತರು.

“ಬುದ್ಧೀ, ನಿಮ್ ಗುಮಾಸ್ತರಿಗೆ ನಾವು ಹೇಳಿದ್ದೆಲ್ಲ ಸುಳ್ಳು,” ಅಂದಳು ಲಕ್ಷ್ಮಕ್ಕ. “ನಮ್ಮಲ್ಲಿ ಯಾರೂ ಗುಟ್ಟಪಲ್ಲಿಯೋರಲ್ಲ. ಎಲ್ರೂ ತುಮ್ಮಲಕುಂಟೆಯೋರು. ಸೇತುವೆ ನಮ್ಮ ಕಡವಿಗೆ ಆಗ್ಬೇಕು ಬುದ್ಧಿ. ಅಲ್ಲಿ ಕಟ್ಟಿದ್ರೆ ಮೇಕೆ ದಾಟ್ತವೆ ಅಷ್ಟೇಯ.”

“ಎಲ್ಲರೂ ಸುಳ್ಳು ಹೇಳಿದಿರಾ? ವರ್ಷಪೂರ್ತಿ? ಒಬ್ಬರ ಬಾಯಲ್ಲೂ ನಿಜ ಬರಲಿಲ್ಲವೇ?”

“ಇಲ್ಲ ಬುದ್ಧಿ.”

“ಯಾಕಮ್ಮ?”

“ಪಿಳೇಗು ಬುದ್ಧಿ.”

“ಆ ತಪಾಸಣೆಯೆಲ್ಲ ಎತ್ತಿಹಾಕಿ ಇಪ್ಪತ್ತು ವರ್ಷವಾಯಿತಲ್ಲ!”

“ಎತ್ತಾಕಿದ್ದೀವಿ ಅಂತ ನಮಗ್ಯಾರು ಬಂದು ಹೇಳಿದ್ರು ಬುದ್ಧಿ?”

ಒಂದು ಗಳಿಗೆ ನಂದೀಶ್ವರಯ್ಯನವರ ಮನಸ್ಸಿಗೆ ನಿಜ ತಟ್ಟಿತೇನೋ. ಆದರೆ ತಟ್ಟಿದ್ದನ್ನು ಒಪ್ಪಿಕೊಂಡರೆ ಎರಡು ಸರ್ಕಾರಗಳ ರುಜು ಬಿದ್ದ ಕಾಗದ, ಅಚ್ಚಾದ ವರದಿ, ಅದಕ್ಕಾಗಿ ಬಂದ ಶಾಭಾಸ್ಗಿರಿ ಎಲ್ಲ ಹೊಳೆಪಾಲು. ಜೊತೆಗೆ ಅವರಿಗೆ ಹಳ್ಳಿಗಳ ಹೊಟ್ಟೆಕಿಚ್ಚೂ ಗೊತ್ತಿತ್ತು. ಪಕ್ಕದೂರಿಗೆ ಬಾವಿ ಬಂದರೆ ಮುಚ್ಚಿಸಲು ಅರ್ಜಿ ಹಿಡಿದು ಬರುವ ಜನರನ್ನು ಎಷ್ಟು ನೋಡಿಲ್ಲ? ಅವರು ಪೆನ್ನು ಕೈಗೆತ್ತಿಕೊಂಡು, ಒಂದು ಹಾಳೆ ಮುಂದಕ್ಕೆಳೆದುಕೊಂಡು, ಬೊಮ್ಮಪ್ಪನ ಕಡೆ ತಿರುಗಿದರು.

“ನೋಡಿ ಯಜಮಾನರೇ. ಸರ್ಕಾರಕ್ಕೆ ಸುಳ್ಳು ಹೇಳುವುದು ಅಪರಾಧ. ನೀವು ಹೇಳಿದ್ದನ್ನು ಬರೆದುಕೊಳ್ಳುತ್ತೇನೆ. ನಿಜ ಹೇಳಿ, ನಿಮ್ಮದು ಯಾವ ಊರು?”

ಬೊಮ್ಮಪ್ಪ ಪೆನ್ನನ್ನು ನೋಡಿದ. ಹಾಳೆಯನ್ನು ನೋಡಿದ.

“ಗುಟ್ಟಪಲ್ಲಿ ಬುದ್ಧಿ,” ಅಂದ.

ನಂದೀಶ್ವರಯ್ಯನವರು ಪೆನ್ನು ಕೆಳಗಿಟ್ಟು ನಕ್ಕರು. ಅಣಕದ ನಗುವಲ್ಲ, ನೆಮ್ಮದಿಯ ನಗು. ಲಕ್ಷ್ಮಕ್ಕ ಬಾಯಿ ತೆರೆದಳು, ಸಾಹೇಬರು ಕೈಯೆತ್ತಿ ತಡೆದರು. ಹೋಗುವಾಗ ಇಬ್ಬರಿಗೂ ಬಂಗಲೆಯ ಅಡಿಗೆಯವನಿಂದ ಮಜ್ಜಿಗೆ ಕೊಡಿಸಿದರು.

ಬೆಟ್ಟದ ನೆರಳು ದಾಟಿದ ಮೇಲೆ ಲಕ್ಷ್ಮಕ್ಕ ದಾರಿಯ ಮಧ್ಯೆ ನಿಂತುಬಿಟ್ಟಳು. “ಏನಣ್ಣ ನಿನ್ ಬಾಯಿಗೆ ಬಂದಿದ್ದು? ಮಣ್ಣು ಬೀಳ ಅದ್ಕೆ.”

“ನಾನೇನ್ ಮಾಡ್ಲಿ ಲಕ್ಷ್ಮಕ್ಕ,” ಅಂದ ಬೊಮ್ಮಪ್ಪ. ಅವನ ಕಣ್ಣಲ್ಲಿ ನೀರಿತ್ತು. “ಆವಪ್ಪ ಪೆನ್ನು ಹಿಡಿದ್ರು. ಬಾಯಿ ತಂತಾನೇ ಹೇಳ್ಬುಡ್ತು. ನೀನೇ ಕಲಿಸಿದ್ದಲ್ವಾ?”

ಅವಳು ಸೆರಗು ಬಿಗಿದು ಮುಂದೆ ನಡೆದಳು.

ಗುಟ್ಟಪಲ್ಲಿಯಲ್ಲಿ ಸೇತುವೆ ಎದ್ದಿತು. ನುಣ್ಣನೆಯ ಕಲ್ಲಿನ ಐದು ಕಮಾನು. ತೆರೆಯುವ ದಿನ ಎರಡು ಸರ್ಕಾರದ ದೊಡ್ಡ ಮನುಷ್ಯರೂ ಬಂದು, ಮಾವಿನ ತೋರಣದ ಕೆಳಗೆ ನಿಂತು ಭಾಷಣ ಮಾಡಿದರು. ಗುಟ್ಟಪಲ್ಲಿಯ ಕುರುಬರು ತಾವೇನು ಪುಣ್ಯ ಮಾಡಿದ್ದೆವೆಂದು ತಿಳಿಯದೆ ಕಂಬಳಿ ಹೊದ್ದು ಸಾಲಾಗಿ ಕೈಮುಗಿದು ನಿಂತಿದ್ದರು. ಅವರಲ್ಲಿ ಯಾರೂ ಮಧುಗಿರಿಯನ್ನು ನೋಡಿಯೇ ಇರಲಿಲ್ಲ. ರೇಣುಕಯ್ಯನ ಮೇಜನ್ನು ಹೊಂಗೆಮರದಿಂದ ಎತ್ತಿ ಸೇತುವೆಯ ಮೈಸೂರು ತುದಿಗೆ ಹಾಕಿದರು, ಮೇಲೆ ತಗಡಿನ ಮಾಡು. ಸೇತುವೆಯಿಂದ ಯಾತ್ರಿಕರು ಎಷ್ಟು ಪಟ್ಟು ಹೆಚ್ಚಾದರು ಎಂದು ಬರೆಯಬೇಕಾಗಿತ್ತಲ್ಲ. ಅವನು ದಿನವೆಲ್ಲ ಕೂತು ನೊಣ ಹೊಡೆಯುತ್ತಿದ್ದ. ತುಮ್ಮಲಕುಂಟೆಯವರು ಎಂದಿನಂತೆ ತಮ್ಮ ಕಡವಿನಲ್ಲೇ, ಮರಳಿನ ಮೇಲೆ ಓಡಾಡುತ್ತಿದ್ದರು. ಅಲ್ಲಿ ಈಗ ಅವರನ್ನು ಕೇಳುವವರೂ ಇರಲಿಲ್ಲ, ಬರೆಯುವವರೂ ಇರಲಿಲ್ಲ.

ಆ ಸಂಕ್ರಾಂತಿ ಹೊತ್ತಿಗೆ ಕಾಟಮ್ಮ ಮತ್ತೆ ಬಸುರಾಗಿದ್ದಾಳೆಂದು ಗೊತ್ತಾಯಿತು. ಲಕ್ಷ್ಮಕ್ಕ ಮರಳಿರುವಷ್ಟು ದಿನ ವಾರಕ್ಕೆರಡು ಸಲ ಹೋಗಿ ಹೊಟ್ಟೆ ಮುಟ್ಟಿ ನೋಡಿ ಬರುತ್ತಿದ್ದಳು. ಐದಾಯಿತು, ಆರಾಯಿತು, ಈ ಸಲ ನಿಂತಿತು. ಅಮ್ಮ ಮಗಳಿಗೆ ನಂಬಲೂ ಭಯ. ಚೊಚ್ಚಲ ಹೆರಿಗೆ ತಾಯಿಮನೆಯಲ್ಲೇ ಆಗಬೇಕಾದ್ದು. ಏಳನೇ ತಿಂಗಳಲ್ಲೇ ಕಳಿಸಿ ಅಂತ ಲಕ್ಷ್ಮಕ್ಕ ಅತ್ತಿಗೆಯನ್ನು ಕೇಳಿದಳು. ಅತ್ತಿಗೆಗೆ ಏಳರಲ್ಲಿ ನೆಂಟರ ಮದುವೆ ಅಡ್ಡ ಬಂತು. ಎಂಟರಲ್ಲಿ ಬಸುರಿ ಹೊಳೆ ದಾಟಬಾರದು ಅನ್ನುವುದು ನಮ್ಮ ಕಡೆಯ ಪದ್ಧತಿ. ಲಕ್ಷ್ಮಕ್ಕನೇ ಎಷ್ಟೋ ಮನೆಗಳಲ್ಲಿ ಹಾಗೆ ಹೇಳಿ ತಡೆದಿದ್ದಳು, ಈಗ ತನ್ನ ಮಗಳಿಗೆ ಬೇರೆ ಮಾತಾಡಲು ಬಾಯಿ ಬರಲಿಲ್ಲ. ಒಂಬತ್ತು ಬಿದ್ದ ಕೂಡಲೇ ಬುಧವಾರ ಗಾಡಿ ಕಟ್ಟುವುದೆಂದು ಮಾತಾಯಿತು. ಸೋಮವಾರ ಕೊರಟಗೆರೆಯ ಬೆಟ್ಟಗಳ ಮೇಲೆ ಮಳೆ ಕವುಚಿ ಬಿತ್ತು. ಮಂಗಳವಾರ ಹೊಳೆ ಎರಡು ದಡ ತುಂಬಿತ್ತು.

ಬುಧವಾರ ಬೆಳಕು ಹರಿಯುವಾಗ ಆಚೆಯಿಂದ ಕೂಗು ಕೇಳಿಸಿತು. ಲಕ್ಷ್ಮಕ್ಕ ದಡಕ್ಕೆ ಓಡಿದಳು. ಅಳಿಯ ಜುಂಜಪ್ಪ ಹೊಂಗೆಮರದ ಕೊಂಬೆ ಹತ್ತಿ ಕೂಗುತ್ತಿದ್ದ.

“ಅತ್ತೇ! ನೋವು ಬಂದ್ಬುಟ್ಟೈತೆ! ರಾತ್ರಿಯಿಂದ!”

“ನೀರು ಹೋಯ್ತೇನ್ಲಾ?”

“ಹೂಂ! ಕಾಲು ಮುಂದಾಗೈತಂತೆ ಅತ್ತೇ!”

ಕಾಲು ಮುಂದಾಗಿ ಬರುವ ಮಗುವನ್ನು ತಿರುಗಿಸಿ ತೆಗೆಯುವುದು ಅವಳ ಕೈಗೆ ಮಾತ್ರ ಬರುತ್ತಿತ್ತು. ಹೇಗೆ ಮಾಡಬೇಕೆಂದು ಕೂಗಿ ಹೇಳಲು ನೋಡಿದಳು. ಅದು ಕೂಗಿ ಹೇಳುವ ಕೆಲಸವಲ್ಲ. ನೀರಿಗಿಳಿಯಲು ಹೋದಳು, ಬೊಮ್ಮಪ್ಪ ಮತ್ತು ಇನ್ನಿಬ್ಬರು ಸೆರಗು ಹಿಡಿದು ಎಳೆದರು. ಆಗ ಅವಳಿಗೆ ಸೇತುವೆಯ ನೆನಪಾಯಿತು. “ಬಂದೇ ಕಣ್ಲಾ! ಸೇತುವೆ ಮ್ಯಾಲಿಂದ ಬತ್ತೀನಿ! ಬಂದೇ ಅಂತ ಹೇಳು ಅವಳಿಗೆ!” ಎಂದು ಕೂಗಿ ಗಂಟು ಹಿಡಿದು ಹೊರಟಳು.

ಗುಟ್ಟಪಲ್ಲಿಗೆ ದಾರಿಯೆಂಬುದೇ ಇರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲವಲ್ಲ, ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಜಾಲಿ ಪೊದೆ, ಕೆರೆಕೋಡಿಯ ಕೆಸರು, ಮೊಣಕಾಲುದ್ದದ ಕಪ್ಪು ಮಣ್ಣು. ಸೇತುವೆ ಮುಟ್ಟುವಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ಕೆಳಗೆ ಹೊಳೆ ಮೊರೆಯುತ್ತಿತ್ತು. ಐದು ಕಮಾನೂ ಗಟ್ಟಿಯಾಗಿ ನಿಂತಿದ್ದವು. ಒಳ್ಳೆಯ ಸೇತುವೆ, ಅದರಲ್ಲಿ ಎರಡು ಮಾತಿಲ್ಲ.

ಆ ತುದಿಯಲ್ಲಿ ರೇಣುಕಯ್ಯ ಎದ್ದು ನಿಂತು ಕೈ ಅಡ್ಡ ಹಿಡಿದ. ವಾರದಲ್ಲಿ ಅವನು ಕಂಡ ಮೊದಲ ಯಾತ್ರಿಕಳು.

“ಯಾವೂರಮ್ಮ?”

“ತುಮ್ಮಲಕುಂಟೆ,” ಅಂದಳು ಲಕ್ಷ್ಮಕ್ಕ. ಆ ಮೇಜಿನ ಎದುರು ಅವಳು ನಿಜ ಹೇಳಿದ್ದು ಶೆಡ್ಡಿನ ದಿನದ ನಂತರ ಅದೇ ಮೊದಲು. “ಮಗಳ ಹೆರಿಗೆ. ಬುಡಪ್ಪ ದಾರಿ.”

ರೇಣುಕಯ್ಯ ಅವಳ ಮೊಣಕಾಲಿನ ಕೆಸರು, ಮುಳ್ಳು ಗೀರಿದ ಕೈ ನೋಡಿ ಪಕ್ಕಕ್ಕೆ ಸರಿದ. “ಹೋಗಿ ತಾಯಿ, ಬೇಗ ಹೋಗಿ. ಈ ಸೇತುವೆಗೆ ತುಮ್ಮಲಕುಂಟೆ ಅಂತ ಬರೆದರೆ ಸಾಹೇಬರು ನನ್ನನ್ನೇ ಕೇಳ್ತಾರೆ. ಗುಟ್ಟಪಲ್ಲಿ ಅಂತ ಬರ್ಕೊಂಡಿರ್ತೀನಿ.”

ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಮತ್ತೆ ಎರಡು ಹರಿದಾರಿ, ಈಗ ಹೊಳೆಯ ಈಚೆ ದಡದಲ್ಲಿ, ಬಂದ ದಿಕ್ಕಿಗೇ ವಾಪಸು. ನೇರಳಕಟ್ಟೆಯ ಬೀದಿಗೆ ಬಂದಾಗ ದನ ಮನೆಗೆ ಬರುತ್ತಿದ್ದವು. ಅಣ್ಣನ ಮನೆಯ ಮುಂದೆ ಹೆಂಗಸರು ಕೂತಿದ್ದರು. ಅವಳನ್ನು ಕಂಡು ಒಬ್ಬರೂ ಮೇಲೇಳಲಿಲ್ಲ. ಅವಳಿಗೆ ಅಲ್ಲೇ ಗೊತ್ತಾಯಿತು.

ಮಗು ಬದುಕಿತ್ತು, ಹೆಣ್ಣು. ಅವರಿವರು ಕೈಹಾಕಿ ಎಳೆದು ಹೇಗೋ ತೆಗೆದಿದ್ದರು. ಕಾಟಮ್ಮನ ರಕ್ತ ನಿಲ್ಲಿಸಲು ಯಾರಿಗೂ ಬರಲಿಲ್ಲ. ಜೀವ ಹೋಗಿ ಹೆಚ್ಚು ಹೊತ್ತಾಗಿರಲಿಲ್ಲ, ಮೈ ಇನ್ನೂ ಬೆಚ್ಚಗಿತ್ತು. ಅಮ್ಮ ಬಂದ್ಲಾ, ಬಂದ್ಲಾ ಅಂತ ಕೇಳುತ್ತಲೇ ಇದ್ದಳು ಎಂದು ಅತ್ತಿಗೆ ಹೇಳಿದಳು. ಹೇಳಬಾರದಾಗಿತ್ತು. ಲಕ್ಷ್ಮಕ್ಕ ಅಳಲಿಲ್ಲ. ಗಂಟು ಬಿಚ್ಚಿ, ತಂದಿದ್ದ ಹಳೇ ಬಟ್ಟೆಯಲ್ಲಿ ಮಗಳನ್ನು ಒರೆಸಿ ಶುದ್ಧ ಮಾಡಿದಳು. ಎಷ್ಟೋ ಬಾಣಂತಿಯರಿಗೆ ಮಾಡಿದ್ದ ಕೆಲಸ. ಆಮೇಲೆ ಅವಳ ಪಕ್ಕದಲ್ಲಿ ಕೂತು, ಆ ಕೈ ಹಿಡಿದುಕೊಂಡು, ಬೆಳಗಾಗುವವರೆಗೂ ಬಿಡಲಿಲ್ಲ.

ಮಣ್ಣು ಮಾಡಿದರು. ಮಗುವಿಗೆ ಆ ಊರಿನಲ್ಲಿ ಹಾಲೂಡುವವರು ಯಾರೂ ಇರಲಿಲ್ಲ. ಮೇಕೆ ಹಾಲು ನೆಕ್ಕಿಸಿದರೆ ಕಕ್ಕುತ್ತಿತ್ತು. ತುಮ್ಮಲಕುಂಟೆಯಲ್ಲಿ ಬೊಮ್ಮಪ್ಪನ ಸೊಸೆ ಹೆತ್ತು ತಿಂಗಳಾಗಿತ್ತು. ಹೊಳೆ ಇನ್ನೂ ಇಳಿದಿರಲಿಲ್ಲ. ಎರಡನೇ ದಿನ ಬೆಳಿಗ್ಗೆ ಲಕ್ಷ್ಮಕ್ಕ ಮೊಮ್ಮಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಜುಂಜಪ್ಪನ ಜೊತೆ ಮತ್ತೆ ಸೇತುವೆಯ ದಾರಿ ಹಿಡಿದಳು. ಸೇತುವೆಯ ಬಳಿ ಬರುವಷ್ಟರಲ್ಲಿ ಜುಂಜಪ್ಪನಿಗೆ ಮುಂದೆ ನಡೆಯಲು ಆಗಲಿಲ್ಲ. ಕಲ್ಲಿನ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅಳತೊಡಗಿದ. ಅವನನ್ನು ಅಲ್ಲೇ ಬಿಟ್ಟು ಅವಳೊಬ್ಬಳೇ ಮುಂದೆ ಬಂದಳು.

ರೇಣುಕಯ್ಯ ಅವಳನ್ನು ದೂರದಿಂದಲೇ ಗುರುತಿಸಿ ಎದ್ದ. “ಆಯ್ತೇನಮ್ಮ? ಗಂಡೋ ಹೆಣ್ಣೋ?” ಅಂದ. ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡ.

“ಹೆಣ್ಣು,” ಅಂದಳು. “ಇದರವ್ವ ಇಲ್ಲ.”

ಅವನು ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತ. ಅವನ ಮನೆಯಲ್ಲೂ ಒಬ್ಬಳು ಬಸುರಿ ಹೆಂಡತಿಯಿದ್ದಳು. ಮರುದಿನ ನಂದೀಶ್ವರಯ್ಯನವರು ಆಚೆಯ ದೊರೆಗಳನ್ನು ಕರೆದುಕೊಂಡು ಲೆಕ್ಕ ನೋಡಲು ಬರುವವರಿದ್ದರು. ಹಾಳೆ ಬೆಳ್ಳಗೆ ಕಾಣುತ್ತಿತ್ತು. ಅದರಲ್ಲೂ ಮೈಸೂರಿನಿಂದ ಆಚೆಗೆ ಹೋದವರ ಕಡೆ ಒಂದು ಗೀಟೂ ಇರಲಿಲ್ಲ. ಅವನು ಮತ್ತೆ ಕೂತ. ತಲೆ ತಗ್ಗಿಸಿಕೊಂಡೇ ಕೇಳಿದ.

“ತಪ್ಪು ತಿಳೀಬೇಡಿ ಅಮ್ಮ. ಬರುವಾಗ ಒಬ್ಬರೇ ಬಂದಿರಿ. ಈಗ ಇಬ್ಬರು. ಮಗು ಹುಟ್ಟಿದ್ದು ಮೈಸೂರಿನಲ್ಲಿ. ಇಲ್ಲಿಂದ ಆಚೆ ದೇಶಕ್ಕೆ ಹೋಗ್ತಿರೋ ಮೊದಲನೇ ಹೆಸರು ಇದೇ ಆಗುತ್ತೆ. ಬರ್ಕೊಳ್ಳಲೇ?”

“ಬರ್ಕೊ,” ಅಂದಳು ಲಕ್ಷ್ಮಕ್ಕ. “ಅಂಗೇ ನನ್ನ ಮಗಳನ್ನೂ ಬರ್ಕೊ. ಒಂಬತ್ತು ಬಿದ್ಮೇಲೆ ನನ್ ಜೊತೆ ಬರಬೇಕಾಗಿತ್ತು, ಬರಲಿಲ್ಲ ಅಂತ.”

“ಬರದೇ ಇದ್ದವರಿಗೆ ಕಾಲಂ ಇಲ್ಲ ಅಮ್ಮ.”

ಬೈಯುತ್ತಾಳೆ ಎಂದು ಅವನು ಅಂದುಕೊಂಡ. ಬೈಯಲಿಲ್ಲ. ಮಗು ಎದೆಗೆ ಬಾಯಿಟ್ಟು ತಡಕಾಡಿ ಏನೂ ಸಿಗದೆ ಕಿರುಗುಟ್ಟಿತು. ಅವಳು ಅದನ್ನು ಇನ್ನೂ ಬಿಗಿಯಾಗಿ ಕಟ್ಟಿಕೊಂಡಳು.

“ಕಾರಣ ಏನಂತ ಹಾಕಲಿ?” ರೇಣುಕಯ್ಯ ಕೇಳಿದ.

“ಹಾಲು ಅಂತ ಹಾಕು. ಆಚೆ ದಡದಾಗೆ ಹಾಲೈತೆ, ಅದಕ್ಕೇ ಓಯ್ತೈತೆ ಅಂತ ಹಾಕು.”

ಅವಳು ಸೇತುವೆ ಹತ್ತಿ ನಡೆದಳು. ರೇಣುಕಯ್ಯ ಮೂರೂ ಕಾಲಂಗಳ ಮೇಲೆ ಬೆರಳಾಡಿಸಿದ. ದೇವರ ದರ್ಶನವಲ್ಲ, ಕೋಟೆಯೂ ಅಲ್ಲ. ಕೊನೆಗೆ ಮಸಿಯಲ್ಲಿ ಕಡ್ಡಿ ಅದ್ದಿ, ವ್ಯಾಪಾರ ಎಂಬುದರ ಕೆಳಗೆ ಒಂದು ಗೀಟು ಎಳೆದ.